ಖನಿಜದ ಗುಳಿಗೆಗಳು ದೇಹಕ್ಕೆ ಎಷ್ಟರಮಟ್ಟಿಗೆ ಸೇರುತ್ತವೆ?

ಸುಣ್ಣದ ಹರಳು ಬೆರೆತ ಎರೆ ಹೊಲಗಳಲ್ಲಿ ನೆಲಗಡಲೆಯ ಎಳೆಯ ಎಲೆಗಳು ಹಳದಿ ಬಣ್ಣಕ್ಕೆ ತಿರುಗಿ, ನರಗಳು ಮಾತ್ರ ಹಸಿರಾಗಿ ಉಳಿಯುವುದನ್ನು ರೈತರು ಕಂಡೇ ಇರುತ್ತಾರೆ. ಇದು ಕಬ್ಬಿಣಾಂಶದ ಕೊರತೆಯ ಗುರುತು. ಆದರೆ ಅದೇ ಹೊಲದ ಮಣ್ಣನ್ನು ರಸಾಯನಶಾಲೆಗೆ ಒಯ್ದು ಪರೀಕ್ಷಿಸಿದರೆ, ಎಷ್ಟೋ ತಲೆಮಾರುಗಳ ಬೆಳೆಗೆ ಸಾಲುವಷ್ಟು ಕಬ್ಬಿಣವು ಅದರಲ್ಲಿ ದೊರೆಯುತ್ತದೆ. ಕಬ್ಬಿಣವು ಇರುವುದು ನಿಜ. ಬೇರಿಗೆ ಎಟುಕುವ ರೂಪದಲ್ಲಿ ಇರುವುದಿಲ್ಲ. ಸುಣ್ಣದ ನೆರೆಯಲ್ಲಿ ಅದು ನೀರಿನಲ್ಲಿ ಕರಗದ ತುಕ್ಕಾಗಿ ನಿಂತುಬಿಡುತ್ತದೆ. ಆದಕಾರಣ ಇಂತಹ ಹೊಲದಲ್ಲಿ ಅನ್ನಭೇದಿಯನ್ನು ನೆಲಕ್ಕೆ ಚೆಲ್ಲಿದರೆ ಬಹುಭಾಗವು ವ್ಯರ್ಥವಾಗುತ್ತದೆ. ಅದನ್ನೇ ನೀರಿನಲ್ಲಿ ತೆಳ್ಳಗೆ ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದರೆ ಕೆಲವು ದಿನಗಳಲ್ಲಿಯೇ ಹಸಿರು ಮರಳುತ್ತದೆ.

ಮನುಷ್ಯ ದೇಹದ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಈ ಅನ್ನಭೇದಿಯನ್ನೇ ಔಷಧಕ್ಕೆ ತಕ್ಕಂತೆ ಶುದ್ಧಿಮಾಡಿ, ಬಣ್ಣದ ಲೇಪವನ್ನು ಕೊಟ್ಟು ಮಾಡಿದ ಗುಳಿಗೆಗಳು ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಶಾಲೆಯ ಮಕ್ಕಳಿಗೂ ಕೊಡಲ್ಪಡುತ್ತವೆ. (ಹೊಲಕ್ಕೆಂದು ಮಾರುವ ಅನ್ನಭೇದಿಯನ್ನು ಮಾತ್ರ ಯಾರೂ ಬಾಯಿಗೆ ಹಾಕಿಕೊಳ್ಳತಕ್ಕದ್ದಲ್ಲ, ಅದರಲ್ಲಿ ಬೇರೆ ಲೋಹಗಳ ಕಲ್ಮಷವು ಇರಬಹುದು.) ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು ೪೮ ಮಂದಿ ರಕ್ತಹೀನತೆಯುಳ್ಳವರು. ರಕ್ತಹೀನತೆಗೆ ಬೇರೆ ಕಾರಣಗಳೂ ಉಂಟಾದರೂ ಕಬ್ಬಿಣಾಂಶದ ಅಭಾವವೇ ಅವುಗಳಲ್ಲಿ ಮುಖ್ಯವಾದುದು. ತಿಂಗಳುಗಟ್ಟಲೆ ಗುಳಿಗೆಯನ್ನು ನುಂಗಿಯೂ ರಕ್ತವೇರದವರು ಗುಳಿಗೆಯೇ ಸತ್ತ್ವಹೀನವೆಂದು ಬೇಸರಪಟ್ಟು ಬಿಟ್ಟುಬಿಡುವುದುಂಟು. ಅನೇಕ ವೇಳೆ ತಪ್ಪು ಗುಳಿಗೆಯದಲ್ಲ. ಅದನ್ನು ನುಂಗಿದ ಹೊತ್ತಿನದು ಮತ್ತು ಅದರೊಡನೆ ಹೊಟ್ಟೆಗೆ ಹೋದ ಪದಾರ್ಥಗಳದು. ಈ ಸಂಗತಿಯನ್ನು ವಿಶದಪಡಿಸುವುದಕ್ಕಾಗಿಯೇ ಈ ಪತ್ರಿಕೆಯನ್ನು ಬರೆದಿದೆ.

ಚೀಟಿಯ ಮೇಲಿನ ತೂಕ

ಮೊದಲು ತಿಳಿಯತಕ್ಕದ್ದೇನೆಂದರೆ, ಲವಣದ ತೂಕ ಬೇರೆ, ಅದರೊಳಗಿನ ಧಾತುವಿನ ತೂಕ ಬೇರೆ. ಗೊಬ್ಬರದ ಚೀಲವನ್ನು ಕೊಳ್ಳುವಾಗ ಚೀಲದ ತೂಕವನ್ನಲ್ಲದೆ ಅದರಲ್ಲಿ ಸಾರಜನಕವು ನೂರಕ್ಕೆ ಎಷ್ಟು ಭಾಗವೆಂದು ರೈತನು ವಿಚಾರಿಸುವನಷ್ಟೆ. ಅದೇ ಲೆಕ್ಕವು ಇಲ್ಲಿಯೂ ಸಲ್ಲುತ್ತದೆ. ನೀರುಗೂಡಿದ ಹಸಿರು ಅನ್ನಭೇದಿಯ ನೂರು ಭಾಗದಲ್ಲಿ ಕಬ್ಬಿಣವು ೨೦ ಭಾಗ ಮಾತ್ರ. ಆದುದರಿಂದ ೩೦೦ ಮಿಲಿಗ್ರಾಂ ಅನ್ನಭೇದಿಯಲ್ಲಿ ೬೦ ಮಿಲಿಗ್ರಾಂ ಕಬ್ಬಿಣವಿದೆ. ಫೆರಸ್ ಫ್ಯುಮರೇಟ್ ಎಂಬ ಲವಣದಲ್ಲಿ ನೂರಕ್ಕೆ ಸುಮಾರು ೩೩ ಭಾಗ, ಫೆರಸ್ ಗ್ಲುಕೋನೇಟಿನಲ್ಲಿ ಸುಮಾರು ೧೨ ಭಾಗ. ಸುಣ್ಣದ ಗುಳಿಗೆಗಳಲ್ಲಿಯೂ ಹೀಗೆಯೇ: ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸೀಮೆಸುಣ್ಣದ ಸತ್ತ್ವದಲ್ಲಿ ನೂರಕ್ಕೆ ೪೦ ಭಾಗ ಸುಣ್ಣಾಂಶ, ಸಿಟ್ರೇಟಿನಲ್ಲಿ ೨೧ ಭಾಗ. ೧೨೫೦ ಮಿಲಿಗ್ರಾಂ ಕಾರ್ಬೊನೇಟ್ ಎಂದು ಚೀಟಿಯಲ್ಲಿ ಕಂಡರೆ ಸುಣ್ಣಾಂಶವು ೫೦೦ ಮಿಲಿಗ್ರಾಂ ಎಂದು ತಿಳಿಯತಕ್ಕದ್ದು. ಕಪ್ಪೆಚಿಪ್ಪಿನ ಪುಡಿಯಿಂದ ಮಾಡಿದ್ದೆಂದು ಹೊಗಳಿ ಹೆಚ್ಚು ಬೆಲೆಗೆ ಮಾರುವ ಗುಳಿಗೆಯೂ ಮೂಲತಃ ಈ ಕಾರ್ಬೊನೇಟೇ ಆಗಿರುತ್ತದೆ.

ಧಾತುವಿನ ತೂಕವನ್ನು ತಿಳಿದ ಮಾತ್ರಕ್ಕೆ ಲೆಕ್ಕವು ಮುಗಿಯಲಿಲ್ಲ. ಗುಳಿಗೆಯು ಹೊಟ್ಟೆಯಲ್ಲಿ ಒಡೆಯಬೇಕು, ಅದರ ಲವಣವು ಕರಗಬೇಕು, ಕರಗಿದ್ದು ಸಣ್ಣ ಕರುಳಿನ ಗೋಡೆಯನ್ನು ದಾಟಬೇಕು. ದಾಟುವವರೆಗೂ ಅದು ದೇಹದ ಹೊರಗೇ ಇದ್ದಂತೆ.

ಕಬ್ಬಿಣ: ಬಾಗಿಲಿನಲ್ಲಿಯೇ ಕಾವಲು

ವಯಸ್ಕನ ದೇಹದಲ್ಲಿ ಇರುವ ಕಬ್ಬಿಣವೆಲ್ಲ ಸೇರಿ ಮೂರು ನಾಲ್ಕು ಗ್ರಾಂ ಮಾತ್ರ. ಅದರ ಬಹುಭಾಗವು ರಕ್ತದ ಕೆಂಪು ಕಣಗಳಲ್ಲಿರುತ್ತದೆ. ಇಂಗ್ಲೆಂಡಿನ ಮ್ಯಾಕ್‌ಕ್ಯಾನ್ಸ್ ಎಂಬ ವೈದ್ಯರೂ ವಿಡೋಸನ್ ಎಂಬ ವಿದುಷಿಯೂ ೧೯೩೭ರಲ್ಲಿ ಒಂದು ವಿಶೇಷ ಸಂಗತಿಯನ್ನು ಪ್ರಕಟಿಸಿದರು. ಹೆಚ್ಚಾದ ಉಪ್ಪನ್ನು ಮೂತ್ರಪಿಂಡಗಳು ಹೊರಹಾಕುವ ಹಾಗೆ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ಮಾರ್ಗವೇ ದೇಹದಲ್ಲಿ ಇಲ್ಲ. ಕರುಳು ಎಷ್ಟನ್ನು ಒಳಕ್ಕೆ ಬಿಡುವುದೋ ಅದರಿಂದಲೇ ದೇಹದ ಕಬ್ಬಿಣವು ಹತೋಟಿಯಲ್ಲಿರುತ್ತದೆ ಎಂಬುದೇ ಆ ಸಂಗತಿ. ಹಿಂಬಾಗಿಲಿಲ್ಲದ ಕಣಜಕ್ಕೆ ಮುಂಬಾಗಿಲಿನಲ್ಲಿ ಕಾವಲಿಡುವುದು ಸಹಜವಲ್ಲವೆ?

ಈ ಕಾವಲುಗಾರನು ಯಾರೆಂಬುದು ೨೦೦೦ನೆಯ ಇಸವಿಯ ಸುಮಾರಿಗೆ ಗೊತ್ತಾಯಿತು. ಯಕೃತ್ತಿನಲ್ಲಿ ಹುಟ್ಟುವ ಹೆಪ್ಸಿಡಿನ್ ಎಂಬ ದ್ರವ್ಯವೇ ಅದು. ದೇಹದಲ್ಲಿ ಕಬ್ಬಿಣವು ಸಾಕಷ್ಟಿದ್ದರೆ ಹೆಪ್ಸಿಡಿನ್ ಹೆಚ್ಚುತ್ತದೆ, ಬಾಗಿಲು ಮುಚ್ಚುತ್ತದೆ. ಕೊರತೆಯಿದ್ದರೆ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ. ಆದಕಾರಣ ರಕ್ತಹೀನರ ಕರುಳು ಪುಷ್ಟರ ಕರುಳಿಗಿಂತ ಹಲವು ಪಟ್ಟು ಕಬ್ಬಿಣವನ್ನು ಹೀರಬಲ್ಲದು. ಆದರೆ ಜ್ವರ, ಸೋಂಕು, ಉರಿಯೂತಗಳಿರುವಾಗಲೂ ಹೆಪ್ಸಿಡಿನ್ ಏರುತ್ತದೆ. ಬೇನೆಯಲ್ಲಿರುವವರಿಗೆ ಗುಳಿಗೆಯು ಹತ್ತದಿರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು. ಒಂದು ದೊಡ್ಡ ಗುಳಿಗೆಯನ್ನು ನುಂಗಿದೊಡನೆ ಹೆಪ್ಸಿಡಿನ್ ಏರಿ, ಸುಮಾರು ೨೪ ಗಂಟೆಗಳ ಕಾಲ ಮೇಲೆಯೇ ನಿಂತಿರುತ್ತದೆ. ಆ ಅವಧಿಯಲ್ಲಿ ನುಂಗಿದ ಎರಡನೆಯ ಗುಳಿಗೆಗೆ ಬಾಗಿಲು ಅರ್ಧ ಮುಚ್ಚಿರುತ್ತದೆ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ವಿಜ್ಞಾನಿಗಳು ೨೦೧೭ರಲ್ಲಿ ಇದನ್ನು ಅಳೆದು ತೋರಿಸಿದರು. ಕಬ್ಬಿಣದ ದಾಸ್ತಾನು ಕಡಮೆಯಾಗಿದ್ದ ಯುವತಿಯರನ್ನು ಎರಡು ತಂಡ ಮಾಡಿ, ೬೦ ಮಿಲಿಗ್ರಾಂ ಕಬ್ಬಿಣದ ಹದಿನಾಲ್ಕು ಗುಳಿಗೆಗಳನ್ನು ಒಂದು ತಂಡಕ್ಕೆ ದಿನ ಬಿಡದೆಯೂ, ಇನ್ನೊಂದಕ್ಕೆ ದಿನ ಬಿಟ್ಟು ದಿನವೂ ಕೊಟ್ಟರು. ಪ್ರತಿದಿನ ನುಂಗಿದವರಲ್ಲಿ ನೂರಕ್ಕೆ ಸುಮಾರು ೧೬ ಭಾಗ, ದಿನ ಬಿಟ್ಟು ನುಂಗಿದವರಲ್ಲಿ ಸುಮಾರು ೨೨ ಭಾಗ ದೇಹಕ್ಕೆ ಸೇರಿತು. ಗುಳಿಗೆಗಳ ಸಂಖ್ಯೆ ಒಂದೇ. ದೇಹಕ್ಕೆ ದಕ್ಕಿದ ಕಬ್ಬಿಣವು ಮೊದಲ ತಂಡದಲ್ಲಿ ೧೩೧ ಮಿಲಿಗ್ರಾಂ, ಎರಡನೆಯದರಲ್ಲಿ ೧೭೫ ಮಿಲಿಗ್ರಾಂ. ಬೇಗ ಗುಣವಾಗಲೆಂದು ಒಂದೇ ದಿನ ಎರಡು ಮೂರು ಗುಳಿಗೆ ನುಂಗುವ ಆತುರದವರು ಇದನ್ನು ಗಮನಿಸಬೇಕು: ಹೆಚ್ಚಾಗುವುದು ಬಹುಮಟ್ಟಿಗೆ ಹೊಟ್ಟೆಯ ತೊಳಸುವಿಕೆಯೇ. ಹಾಗೆಂದು ಗರ್ಭಿಣಿಯರು ತಮ್ಮಷ್ಟಕ್ಕೆ ತಾವೇ ದಿನಗಳನ್ನು ಬಿಡತಕ್ಕದ್ದಲ್ಲ. ಅವರಿಗೆ ನಾಲ್ಕನೆಯ ತಿಂಗಳಿನಿಂದ ೧೮೦ ದಿನ, ದಿನಕ್ಕೊಂದರಂತೆ ಎಂದು ವಿಧಿಸಿರುವುದು ಅಲ್ಪ ಕಾಲದಲ್ಲಿ ಬಹಳ ಕಬ್ಬಿಣವು ಬೇಕಾಗುವುದರಿಂದ. ಬದಲಾವಣೆ ಏನಿದ್ದರೂ ವೈದ್ಯರ ಮಾತಿನಂತೆ ಆಗಬೇಕು.

ಬರಿಯ ಹೊಟ್ಟೆಯಲ್ಲಿ ಕಬ್ಬಿಣದ ಗುಳಿಗೆಯು ಹೆಚ್ಚಾಗಿ ಹತ್ತುತ್ತದೆ. ಊಟದೊಡನೆ ನುಂಗಿದರೆ ಅರ್ಧದವರೆಗೂ ನಷ್ಟವಾಗಬಹುದು. ಆದರೆ ಬರಿಯ ಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದು, ನಾಲ್ಕನೆಯ ದಿನಕ್ಕೆ ಗುಳಿಗೆಗಳನ್ನು ಬಿಸಾಡುವುದಕ್ಕಿಂತ ಊಟದ ಮೇಲೆ ನುಂಗಿ ಆರು ತಿಂಗಳು ನಡೆಸಿಕೊಂಡು ಹೋಗುವುದು ಎಷ್ಟೋ ಮೇಲು. ಮಲವು ಕಪ್ಪಾಗುವುದಕ್ಕೆ ಹೆದರಬೇಕಾಗಿಲ್ಲ. ಹೀರಲ್ಪಡದೆ ಉಳಿದ ಕಬ್ಬಿಣದ ಬಣ್ಣವದು.

ಕಾಫಿ, ಟೀ ಮತ್ತು ನಿಂಬೆಹಣ್ಣು

ಗಿಡಮೂಲದ ಆಹಾರದಲ್ಲಿರುವ ಕಬ್ಬಿಣವೂ ಗುಳಿಗೆಯ ಕಬ್ಬಿಣವೂ ಕರುಳಿನಲ್ಲಿ ಒಂದೇ ದಾರಿಯಲ್ಲಿ ನಡೆಯುತ್ತವೆ. ಒಂದಕ್ಕೆ ಅಡ್ಡಿಯಾದುದು ಇನ್ನೊಂದಕ್ಕೂ ಅಡ್ಡಿ. ಟೀ ಸೊಪ್ಪಿನಲ್ಲಿರುವ ಟ್ಯಾನಿನ್ ಎಂಬ ಒಗರು ಕಬ್ಬಿಣದೊಡನೆ ಕೂಡಿ, ಕರಗದ ಗಷ್ಟಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಅಳಲೆಕಾಯಿಯ ಕಷಾಯವನ್ನು ಕಾಯಿಸಿದರೆ ಕರಿಯ ಮಸಿಯಾಗುವುದನ್ನು ಕಂಡವರಿಗೆ ಇದು ಹೊಸ ಮಾತಲ್ಲ. ದಕ್ಷಿಣ ಆಫ್ರಿಕದ ವೈದ್ಯರು ೧೯೭೫ರಲ್ಲಿ ವಿಕಿರಣದ ಗುರುತು ಹಾಕಿದ ಕಬ್ಬಿಣವನ್ನು ಜನರಿಗೆ ಕೊಟ್ಟು ಅಳೆದಾಗ, ರೊಟ್ಟಿಯ ಕಬ್ಬಿಣವೂ ಅನ್ನದ ಊಟದ ಕಬ್ಬಿಣವೂ ಅನ್ನಭೇದಿಯ ಕಬ್ಬಿಣವೂ ಟೀಯಿಂದ ಒಂದೇ ತೆರನಾಗಿ ತಡೆಯಲ್ಪಟ್ಟವು.

ಕಾಫಿಯ ಅಡ್ಡಿ ಟೀಯಷ್ಟು ಬಲವಾದುದಲ್ಲವಾದರೂ ಅಲ್ಪವೂ ಅಲ್ಲ. ಅಮೆರಿಕದಲ್ಲಿ ೧೯೮೩ರಲ್ಲಿ ನಡೆದ ಪರೀಕ್ಷೆಯಲ್ಲಿ ಊಟದೊಡನೆ ಕುಡಿದ ಒಂದು ಬಟ್ಟಲು ಕಾಫಿಯು ಆ ಊಟದ ಕಬ್ಬಿಣದ ಹೀರಿಕೆಯನ್ನು ನೂರಕ್ಕೆ ೩೯ ಭಾಗದಷ್ಟೂ, ಟೀಯು ೬೪ ಭಾಗದಷ್ಟೂ ತಗ್ಗಿಸಿತು. ಅದೇ ಪರೀಕ್ಷೆಯಲ್ಲಿ ತಿಳಿದ ಇನ್ನೊಂದು ಅಂಶವು ನಮ್ಮ ಜನಕ್ಕೆ ಬಹು ಮುಖ್ಯ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ನಷ್ಟವಾಗಲಿಲ್ಲ. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದದ್ದು ಊಟದೊಡನೆ ಕುಡಿದಷ್ಟೇ ನಷ್ಟವನ್ನುಂಟುಮಾಡಿತು. ಕಾಫಿಯ ಸೀಮೆಯಲ್ಲಿ ಹುಟ್ಟಿದವರಿಗೆ ಕಾಫಿ ಬೇಡವೆಂದು ಬೋಧಿಸುವುದು ಈ ಲೇಖಕನಿಂದ ಆಗತಕ್ಕ ಕಾರ್ಯವಲ್ಲ. ಬೆಳಗಿನ ಕಾಫಿ ಬೆಳಗಿಗೇ ಇರಲಿ; ಗುಳಿಗೆಯನ್ನು ಅದಾಗಿ ಒಂದು ಗಂಟೆಯ ಮೇಲೆ ನುಂಗಿ, ಆ ಬಳಿಕ ಎರಡು ಗಂಟೆಯ ಕಾಲವಾದರೂ ಮತ್ತೆ ಕಾಫಿ ಟೀಗಳನ್ನು ಮುಟ್ಟದಿದ್ದರೆ ಸಾಕು. ಗುಳಿಗೆಯನ್ನು ಕಾಫಿಯ ಗುಟುಕಿನೊಡನೆಯೇ ಇಳಿಸುವ ಅಭ್ಯಾಸವು ಮಾತ್ರ ಕೊಟ್ಟ ಔಷಧವನ್ನು ಅರ್ಧ ಚೆಲ್ಲಿದಂತೆ.

ಅಡ್ಡಿಯಾಗುವ ವಸ್ತುಗಳಿರುವಂತೆ ನೆರವಾಗುವ ವಸ್ತುಗಳೂ ಉಂಟು. ನಿಂಬೆ, ನೆಲ್ಲಿ, ಸೀಬೆಹಣ್ಣುಗಳಲ್ಲಿರುವ ‘ಸಿ’ ಜೀವಸತ್ತ್ವವು ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿಯೇ ಕರುಳಿನ ಗೋಡೆಗೆ ಒಪ್ಪಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅನ್ನದ ಊಟದೊಡನೆ ಸೀಬೆಹಣ್ಣನ್ನು ತಿಂದ ಹುಡುಗ ಹುಡುಗಿಯರಿಗೆ ಆ ಊಟದ ಕಬ್ಬಿಣವು ಸುಮಾರು ಇಮ್ಮಡಿಯಾಗಿ ದಕ್ಕಿತು. ಮೈಸೂರಿನ ಕೇಂದ್ರ ಆಹಾರ ತಂತ್ರವಿಜ್ಞಾನ ಸಂಶೋಧನಾಲಯದಲ್ಲಿ, ಗಾಜಿನ ಪಾತ್ರೆಯೊಳಗೆ ಜೀರ್ಣಕ್ರಿಯೆಯನ್ನು ಅನುಕರಿಸಿ ನಡೆಸಿದ ಪರೀಕ್ಷೆಗಳಲ್ಲಿ, ಈರುಳ್ಳಿ ಬೆಳ್ಳುಳ್ಳಿಗಳೂ ಧಾನ್ಯ ಮತ್ತು ಬೇಳೆಗಳ ಕಬ್ಬಿಣವನ್ನೂ ಸತುವನ್ನೂ ಬಿಡಿಸಿಕೊಡುತ್ತವೆಂದು ಕಂಡುಬಂದಿದೆ. ಹುಳಿಯಿಟ್ಟ ಅಡುಗೆಯನ್ನು ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದರೆ ಪಾತ್ರೆಯ ಕಬ್ಬಿಣವೇ ಸ್ವಲ್ಪ ಸ್ವಲ್ಪ ಅಡುಗೆಗೆ ಇಳಿಯುತ್ತದೆ. ಇಥಿಯೋಪಿಯ ದೇಶದಲ್ಲಿ ಮಕ್ಕಳ ಮೇಲೆ ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಲ್ಯುಮಿನಿಯಂ ಪಾತ್ರೆಯ ಅಡುಗೆ ತಿಂದವರಿಗಿಂತ ಕಬ್ಬಿಣದ ಪಾತ್ರೆಯ ಅಡುಗೆ ತಿಂದವರಲ್ಲಿ ರಕ್ತವು ಹೆಚ್ಚಾಗಿ ಏರಿತು. ಅಟ್ಟಕ್ಕೆ ಸೇರಿರುವ ಅಜ್ಜಿಯ ಕಾಲದ ಬಾಣಲೆಯನ್ನು ಕೆಳಗಿಳಿಸುವುದಕ್ಕೆ ಇದು ಸಾಕಾದ ಕಾರಣವೆಂದು ತೋರುತ್ತದೆ.

ಸುಣ್ಣಾಂಶದ ಗುಳಿಗೆಗಳು

ಗರ್ಭಿಣಿಯರಿಗೆ ಕಬ್ಬಿಣದ ಗುಳಿಗೆಯಲ್ಲದೆ ಸುಣ್ಣದ ಗುಳಿಗೆಯನ್ನೂ ಕೊಡುವ ಪದ್ಧತಿಯಿದೆ. ೨೦೧೪ರ ಸರ್ಕಾರದ ಸೂಚನೆಯ ಪ್ರಕಾರ ೫೦೦ ಮಿಲಿಗ್ರಾಂ ಸುಣ್ಣಾಂಶದ ಗುಳಿಗೆ, ದಿನಕ್ಕೆ ಎರಡು. ಮನೆಗೆ ತಂದ ಎರಡು ಬಗೆಯ ಗುಳಿಗೆಗಳನ್ನು ಮರೆತುಹೋದೀತೆಂದು ಒಟ್ಟಿಗೆ ಅಂಗೈಯಲ್ಲಿಟ್ಟುಕೊಂಡು ನುಂಗಿಬಿಡುವುದು ಬಹು ಸಾಮಾನ್ಯವಾದ ತಪ್ಪು. ಕಬ್ಬಿಣಕ್ಕೂ ಸುಣ್ಣಕ್ಕೂ ಹೊಲದಲ್ಲಿರುವ ಜಗಳವು ಕರುಳಿನಲ್ಲಿಯೂ ಉಂಟು, ಕಾರಣವು ಮಾತ್ರ ಬೇರೆ. ಸ್ವೀಡನ್ ದೇಶದ ಹಾಲ್‌ಬರ್ಗ್ ಎಂಬವರು ೧೯೯೧ರಲ್ಲಿ ತೋರಿಸಿದಂತೆ, ರೊಟ್ಟಿಗೆ ಸೇರಿಸಿದ ಇನ್ನೂರು ಮಿಲಿಗ್ರಾಮಿಗೂ ಕಡಮೆಯಾದ ಸುಣ್ಣಾಂಶವು ಅದರ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕೆ ಇಳಿಸಿತು. ಒಂದೊಂದು ಊಟದಲ್ಲಿ ಕಾಣುವ ಈ ನಷ್ಟವು ತಿಂಗಳುಗಳ ಲೆಕ್ಕದಲ್ಲಿ ಅಷ್ಟು ದೊಡ್ಡದಾಗಿ ಕಾಣುವುದಿಲ್ಲವೆಂಬುದನ್ನೂ ಹೇಳಬೇಕು. ಆದುದರಿಂದ ಹಾಲು ಮಜ್ಜಿಗೆಗಳಿಗೆ ಹೆದರಬೇಕಾದುದಿಲ್ಲ. ಆದರೆ ಎರಡು ಗುಳಿಗೆಗಳ ನಡುವೆ ಎರಡು ಗಂಟೆಯ ಅಂತರವನ್ನಿಡುವುದಕ್ಕೆ ಖರ್ಚೇನೂ ಇಲ್ಲವಷ್ಟೆ.

ಸುಣ್ಣದ ಗುಳಿಗೆಯ ನಡತೆಯು ಕಬ್ಬಿಣದ ಗುಳಿಗೆಗೆ ತದ್ವಿರುದ್ಧವಾದುದು. ಕಾರ್ಬೊನೇಟು ಕರಗಲು ಜಠರದ ಆಮ್ಲವು ಬೇಕು. ಆಮ್ಲವು ಊಟದ ಹೊತ್ತಿಗೆ ಹೆಚ್ಚಾಗಿ ಒಸರುತ್ತದೆ. ಆದಕಾರಣ ಇದನ್ನು ಊಟದೊಡನೆಯೇ ನುಂಗಬೇಕು. ಅಮೆರಿಕದ ರೆಕರ್ ಎಂಬ ವೈದ್ಯರು ೧೯೮೫ರಲ್ಲಿ, ಜಠರದಲ್ಲಿ ಆಮ್ಲವೇ ಹುಟ್ಟದ ರೋಗಿಗಳನ್ನು ಪರೀಕ್ಷಿಸಿದರು. ಬರಿಯ ಹೊಟ್ಟೆಯಲ್ಲಿ ನುಂಗಿದ ಕಾರ್ಬೊನೇಟು ಅವರಿಗೆ ಅತ್ಯಲ್ಪವಾಗಿಯೂ, ಊಟದೊಡನೆ ನುಂಗಿದ್ದು ಇತರರಿಗೆ ದಕ್ಕುವಂತೆಯೇ ಚೆನ್ನಾಗಿಯೂ ದಕ್ಕಿತು. ಎದೆಯುರಿಗೆಂದು ಆಮ್ಲವನ್ನು ಅಡಗಿಸುವ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗುವವರು ಈಗ ಬಹಳ ಮಂದಿ. ಅವರಿಗೆ ಕಬ್ಬಿಣವೂ ಕಡಮೆ ಹತ್ತುತ್ತದೆ. ಅಂತಹವರಿಗೆ ಆಮ್ಲದ ಹಂಗಿಲ್ಲದ ಸಿಟ್ರೇಟು ಅನುಕೂಲವಾದೀತು.

ಒಂದೇ ಸಲ ಹೆಚ್ಚು ಸುಣ್ಣವನ್ನು ನುಂಗಿದಷ್ಟೂ ಹೀರಲ್ಪಡುವ ಪಾಲು ಇಳಿಯುತ್ತದೆ. ೫೦೦ ಮಿಲಿಗ್ರಾಂ ಮೀರದಂತೆ ಎರಡು ಹೊತ್ತು ಎಂದು ವಿಧಿಸಿರುವುದು ಇದಕ್ಕಾಗಿಯೇ. ‘ಡಿ’ ಜೀವಸತ್ತ್ವವಿಲ್ಲದಿದ್ದರೆ ಕರುಳು ಸುಣ್ಣವನ್ನು ಸರಿಯಾಗಿ ಎಳೆದುಕೊಳ್ಳಲಾರದು. ಬಿಸಿಲಿನಲ್ಲಿ ದುಡಿಯುವ ರೈತನಿಗೆ ಅದು ಚರ್ಮದಲ್ಲಿಯೇ ಹುಟ್ಟುವುದಾದರೂ ಮನೆಯೊಳಗೇ ಇರುವ ವೃದ್ಧರಿಗೂ ಬಾಣಂತಿಯರಿಗೂ ಸಾಲದೆ ಬರುವುದುಂಟು.

ಗುಳಿಗೆಯು ಒಡೆಯುವುದೋ ಇಲ್ಲವೋ ಎಂದು ಮನೆಯಲ್ಲಿಯೇ ಸ್ಥೂಲವಾಗಿ ನೋಡಬಹುದು. ಲೇಪವಿಲ್ಲದ ಕಾರ್ಬೊನೇಟ್ ಗುಳಿಗೆಯೊಂದನ್ನು ಸಣ್ಣ ಬಟ್ಟಲಿನ ವಿನೆಗರಿನಲ್ಲಿ ಹಾಕಿ ಆಗಾಗ ಕದಡಿದರೆ, ಅರ್ಧ ಗಂಟೆಯೊಳಗೆ ಅದು ಚೂರಾಗಿ ಕರಗುತ್ತ ಬರಬೇಕು. ಕಲ್ಲಿನಂತೆ ಕುಳಿತೇ ಇದ್ದರೆ ಹೊಟ್ಟೆಯಲ್ಲಿಯೂ ಹಾಗೆಯೇ ಕುಳಿತಿದ್ದು ಹೊರಟುಹೋಗುವ ಸಂಭವವುಂಟು.

ಎಲೆಯಡಿಕೆಯೊಡನೆ ಸುಣ್ಣವನ್ನು ತಿನ್ನುವುದರಿಂದಲೇ ಸುಣ್ಣಾಂಶವು ಸಿಕ್ಕುವುದಲ್ಲವೇ ಎಂದು ಹಳ್ಳಿಗಳಲ್ಲಿ ಕೇಳುವುದುಂಟು. ಸ್ವಲ್ಪ ಸಿಕ್ಕುವುದು ನಿಜವೇ. ಆದರೆ ಅಡಿಕೆಯು ಮನುಷ್ಯರಿಗೆ ಅರ್ಬುದರೋಗವನ್ನು ತರುವ ವಸ್ತುಗಳಲ್ಲಿ ಒಂದೆಂದು ಅಂತರರಾಷ್ಟ್ರೀಯ ತಜ್ಞರ ಮಂಡಳಿಯು ೨೦೦೪ರಲ್ಲಿ ನಿರ್ಣಯಿಸಿದೆಯಾದ್ದರಿಂದ ಸುಣ್ಣಕ್ಕಾಗಿ ಅದನ್ನು ಹಿಡಿಯುವುದು ಲಾಭದ ವ್ಯಾಪಾರವಲ್ಲ.

ಧಾನ್ಯದೊಳಗಿನ ಬೀಗ

ಗುಳಿಗೆಯ ಮಾತು ಒತ್ತಟ್ಟಿಗಿರಲಿ. ನಮ್ಮ ರಾಗಿಯೇ ಸುಣ್ಣದ ಕಣಜ. ನೂರು ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣಾಂಶವಿದೆ. ಹಸುವಿನ ಹಾಲಿನಲ್ಲಿ ಸುಮಾರು ೧೨೦. ಆದರೆ ರಾಗಿಯಲ್ಲಿರುವುದೆಲ್ಲ ದಕ್ಕುವುದಿಲ್ಲ. ಬೀಜವು ತನ್ನ ಮೊಳಕೆಗಾಗಿ ರಂಜಕವನ್ನು ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಈ ಆಮ್ಲವು ಕಬ್ಬಿಣ, ಸತು, ಸುಣ್ಣಗಳನ್ನು ಹಿಡಿದುಕೊಂಡು ಬೀಗ ಹಾಕಿಬಿಡುತ್ತದೆ. ಕೆಂಪು ರಾಗಿಯಲ್ಲಿ ಇದಕ್ಕೆ ಒಗರೂ ಸೇರಿರುತ್ತದೆ. ಬಿಳಿ ರಾಗಿಯಲ್ಲಿ ಒಗರು ಕಡಮೆ.

ಈ ಬೀಗದ ಬಲವು ಇರಾನ್ ಮತ್ತು ಈಜಿಪ್ಟ್ ದೇಶಗಳ ಹಳ್ಳಿಗಳಲ್ಲಿ ಬಯಲಾಯಿತು. ಬಿಹಾರದಲ್ಲಿ ಜನಿಸಿದ ಡಾಕ್ಟರ್ ಆನಂದ ಪ್ರಸಾದ್ ಎಂಬವರು ಇರಾನಿನ ಶಿರಾಜ್ ನಗರದಲ್ಲಿ ಕೆಲಸದಲ್ಲಿದ್ದಾಗ, ಇಪ್ಪತ್ತರ ವಯಸ್ಸಿನಲ್ಲಿಯೂ ಹತ್ತು ವರ್ಷದ ಬಾಲಕರಂತೆ ಕುಳ್ಳಾಗಿ, ಪ್ರೌಢತೆ ಬಾರದೆ, ರಕ್ತಹೀನರಾಗಿದ್ದ ತರುಣರನ್ನು ಕಂಡರು. ಅವರ ಆಹಾರವು ಬಹುಪಾಲು ಹುಳಿಯೇರಿಸದ ಗೋಧಿ ರೊಟ್ಟಿ. ಜೊತೆಗೆ ಜೇಡಿಮಣ್ಣನ್ನು ತಿನ್ನುವ ಅಭ್ಯಾಸ. ೧೯೬೧ರಲ್ಲಿ ಅವರು ಇದನ್ನು ವರದಿಮಾಡಿ, ೧೯೬೩ರಲ್ಲಿ ಈಜಿಪ್ಟಿನ ಅಂಥವೇ ರೋಗಿಗಳಲ್ಲಿ ಸತುವಿನ ಕೊರತೆಯನ್ನು ಸ್ಥಾಪಿಸಿದರು. ಗೋಧಿಯಲ್ಲಿ ಸತುವು ಇಲ್ಲದೆ ಇರಲಿಲ್ಲ. ಫೈಟಿಕ್ ಆಮ್ಲವು ಅದನ್ನು ಬಿಡಲಿಲ್ಲ. ಮಣ್ಣು ತಿನ್ನುವ ಬಯಕೆಯು ನಮ್ಮ ಗರ್ಭಿಣಿಯರಲ್ಲಿಯೂ ಇರುವುದರಿಂದ ಹಿರಿಯ ಹೆಂಗಸರು ಇದನ್ನು ಗಮನದಲ್ಲಿಡಬೇಕು. ಜೇಡಿಮಣ್ಣು ಕಬ್ಬಿಣವನ್ನು ಕೊಡುವುದಕ್ಕೆ ಬದಲಾಗಿ ಇರುವುದನ್ನೂ ಹಿಡಿದಿಟ್ಟುಕೊಳ್ಳಬಲ್ಲದು.

ಮೇಲೆ ಹೇಳಿದ ಮ್ಯಾಕ್‌ಕ್ಯಾನ್ಸ್ ಮತ್ತು ವಿಡೋಸನ್ ಎರಡನೆಯ ಮಹಾಯುದ್ಧದ ಆರಂಭಕಾಲದಲ್ಲಿ ತಮ್ಮ ಮೇಲೂ ತಮ್ಮ ಸಂಗಡಿಗರ ಮೇಲೂ ಇಂತಹುದೇ ಪ್ರಯೋಗವನ್ನು ಮಾಡಿಕೊಂಡರು. ತೌಡು ಕೂಡಿದ ಕಂದು ರೊಟ್ಟಿಯಲ್ಲಿ ಖನಿಜಗಳು ಹೆಚ್ಚಾಗಿದ್ದರೂ ಬಿಳಿಯ ರೊಟ್ಟಿಯನ್ನು ತಿಂದಾಗಲೇ ಸುಣ್ಣಾಂಶವು ಹೆಚ್ಚಾಗಿ ದಕ್ಕಿತು. ಇದರ ಫಲವಾಗಿ ಬ್ರಿಟನ್ನಿನಲ್ಲಿ ರೊಟ್ಟಿಯ ಹಿಟ್ಟಿಗೆ ಸೀಮೆಸುಣ್ಣವನ್ನು ಸೇರಿಸುವ ಪದ್ಧತಿಯು ೧೯೪೦ರ ದಶಕದಲ್ಲಿ ಬಂದಿತು. ಇದರಿಂದ ತೌಡನ್ನು ಬಿಸಾಡಬೇಕೆಂದು ಯಾರೂ ಭಾವಿಸಬಾರದು. ಬೀಗವಿರುವ ಪೆಟ್ಟಿಗೆಯನ್ನು ಎಸೆಯುವುದಲ್ಲ, ಬೀಗದ ಕೈಯನ್ನು ಹುಡುಕುವುದು ಜಾಣತನ. ಆ ಬೀಗದ ಕೈ ಬೀಜದಲ್ಲಿಯೇ ಇದೆ. ಬೀಜವು ಮೊಳೆಯುವಾಗ ಫೈಟೇಸ್ ಎಂಬ ಕಿಣ್ವವು ಎಚ್ಚೆತ್ತು ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಯಿಟ್ಟು, ನೀರು ಬಸಿದು, ಒದ್ದೆಯ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಟ್ಟು, ಮೊಳಕೆಯು ಚೆನ್ನಾಗಿ ಕಂಡಮೇಲೆ ಒಣಗಿಸಿ, ಬೇರನ್ನು ಉಜ್ಜಿ ಕೇರಿ, ಹದವಾಗಿ ಹುರಿದು ಬೀಸಿದರೆ ಹಿಟ್ಟು ಸಿದ್ಧ. ಬೂಷ್ಟು ಹಿಡಿದ ಅಥವಾ ಕೆಟ್ಟ ವಾಸನೆ ಬಂದ ರಾಗಿಯನ್ನು ಮಕ್ಕಳಿಗೆ ಕೊಡದೆ ಚೆಲ್ಲಿಬಿಡಬೇಕು. ದೋಸೆ, ಇಡ್ಡಲಿ, ಅಂಬಲಿಗಳ ಹುಳಿಯೂ ಇದೇ ಕಾರ್ಯವನ್ನು ಸ್ವಲ್ಪಮಟ್ಟಿಗೆ ಮಾಡುತ್ತದೆ. ಭಾರತದ ಪೋಷಣ ತಜ್ಞರು ೨೦೨೦ರಲ್ಲಿ ವಯಸ್ಕ ಸ್ತ್ರೀಗೆ ದಿನಕ್ಕೆ ೨೯ ಮಿಲಿಗ್ರಾಂ ಕಬ್ಬಿಣವೆಂದು ಗೊತ್ತುಮಾಡಿರುವುದನ್ನು ನೋಡಿ ಗಾಬರಿಯಾಗುವವರಿಗೆ ಇಲ್ಲಿ ಉತ್ತರವಿದೆ. ರಕ್ತಕ್ಕೆ ನಿಜವಾಗಿ ಸೇರಬೇಕಾದುದು ಎರಡು ಮಿಲಿಗ್ರಾಮಿನ ಸುಮಾರು ಮಾತ್ರ; ಉಳಿದುದು ದಾರಿಯಲ್ಲಾಗುವ ನಷ್ಟಕ್ಕೆ ಹಾಕಿದ ಲೆಕ್ಕ.

ಸೊಪ್ಪುಗಳಲ್ಲಿ ಬೀಗವು ಬೇರೆ. ಪಾಲಕ್ ಸೊಪ್ಪಿನ ಸುಣ್ಣವನ್ನು ಆಕ್ಸಲಿಕ್ ಆಮ್ಲವು ಹಿಡಿದಿರುತ್ತದೆ. ಅಮೆರಿಕದ ಹೀನಿ ಮತ್ತು ಸಂಗಡಿಗರು ೧೯೮೮ರಲ್ಲಿ ಅಳೆದಾಗ ಹಾಲಿನ ಸುಣ್ಣದಲ್ಲಿ ನೂರಕ್ಕೆ ಸುಮಾರು ೨೭ ಭಾಗ, ಪಾಲಕ್ ಸೊಪ್ಪಿನದರಲ್ಲಿ ೫ ಭಾಗ ಮಾತ್ರ ದಕ್ಕಿತು. ಪಾಲಕ್ ಬೇಡವೆಂದಲ್ಲ, ಅದರಲ್ಲಿ ಬೇರೆ ಗುಣಗಳುಂಟು; ಸುಣ್ಣಕ್ಕಾಗಿ ಅದನ್ನು ನಂಬಲಾಗದು.

ದನಕುರಿಗಳಿಗೆ ಕೊಡುವ ಖನಿಜ ಮಿಶ್ರಣ

ಕೊಟ್ಟಿಗೆಯಲ್ಲಿಯೂ ಇದೇ ನಿಯಮಗಳು ಕೆಲವು ಮಾರ್ಪಾಡುಗಳೊಡನೆ ನಡೆಯುತ್ತವೆ. ಹಸು ಎಮ್ಮೆಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಫೈಟಿಕ್ ಆಮ್ಲವನ್ನು ಒಡೆಯಬಲ್ಲವಾದ್ದರಿಂದ ತೌಡಿನ ರಂಜಕವು ಅವಕ್ಕೆ ದಕ್ಕುತ್ತದೆ. ಕೋಳಿಗೆ ಆ ಶಕ್ತಿಯಿಲ್ಲದ ಕಾರಣ ಬಹುಪಾಲು ಹಿಕ್ಕೆಯಲ್ಲಿ ಹೋಗುತ್ತದೆ. ಬತ್ತದ ಹುಲ್ಲಿನಲ್ಲಿ ಆಕ್ಸಲಿಕ್ ಆಮ್ಲವು ಇರುವುದರಿಂದ, ಬರಿಯ ಹುಲ್ಲಿನ ಮೇಲೆಯೇ ನಿಲ್ಲಿಸಿದ ಕರೆಯುವ ಹಸುವಿಗೆ ಸುಣ್ಣಾಂಶದ ಕೊರತೆಯಾಗುವ ಸಂಭವವು ಹೆಚ್ಚು. ತಾಮ್ರದ ವಿಷಯವು ಇನ್ನೂ ವಿಚಿತ್ರವಾದುದು. ಇಂಗ್ಲೆಂಡಿನ ಸಾಮರ್‌ಸ್ಟ್ ಪ್ರಾಂತದ ಕೆಲವು ಹುಲ್ಲುಗಾವಲುಗಳಲ್ಲಿ ಮೇದ ದನಗಳು ಕಾರಣ ಕಾಣದೆ ಭೇದಿಯಿಂದ ಸೊರಗುತ್ತಿದ್ದವು. ೧೯೩೦ರ ದಶಕದ ಕೊನೆಯಲ್ಲಿ ಅಲ್ಲಿನ ಹುಲ್ಲಿನಲ್ಲಿ ಮಾಲಿಬ್ಡಿನಂ ಎಂಬ ಧಾತುವು ಮಿತಿಮೀರಿರುವುದು ಪತ್ತೆಯಾಯಿತು. ಅದು ಗಂಧಕದೊಡನೆ ಸೇರಿ ಹೊಟ್ಟೆಯಲ್ಲಿಯೇ ತಾಮ್ರವನ್ನು ಕಟ್ಟಿಹಾಕುತ್ತದೆ. ತಾಮ್ರದ ಲವಣವನ್ನು ಹೆಚ್ಚಾಗಿ ಕೊಟ್ಟಾಗ ದನಗಳು ಚೇತರಿಸಿಕೊಂಡವು. ಆದರೆ ದನಗಳ ಮಿಶ್ರಣವನ್ನು ಕುರಿಗಳಿಗೆ ಹಾಕತಕ್ಕದ್ದಲ್ಲ. ಕುರಿಯ ಯಕೃತ್ತು ತಾಮ್ರವನ್ನು ಹೊರಹಾಕಲಾರದೆ ಕೂಡಿಡುತ್ತ ಹೋಗಿ, ಹಸುವಿಗೆ ಹಿತವಾದ ಪ್ರಮಾಣವೇ ಅದಕ್ಕೆ ವಿಷವಾಗುತ್ತದೆ. ಕುರಿಗಳಿಗೆಂದೇ ಮಾಡಿದ ಮಿಶ್ರಣವನ್ನು ಕೇಳಿ ಕೊಳ್ಳಬೇಕು.

ಗುಳಿಗೆಗಳನ್ನು ಇಡುವ ಸ್ಥಳ

ದೊಡ್ಡವರ ಕಬ್ಬಿಣದ ಗುಳಿಗೆಗಳು ಕೆಂಪು ನೀಲಿಯ ಲೇಪದಿಂದ ಪೆಪ್ಪರಮೆಂಟಿನಂತೆ ಕಾಣುತ್ತವೆ. ಕೂಸುಗಳು ಅವನ್ನು ಬೊಗಸೆಯಲ್ಲಿ ತಿಂದರೆ ಕಾವಲುಗಾರನ ಕಟ್ಟುಪಾಡು ನಡೆಯುವುದಿಲ್ಲ. ಕರುಳಿನ ಗೋಡೆಯೇ ಸುಟ್ಟು ವಿಷವೇರಿ ಪ್ರಾಣಾಪಾಯವಾಗುತ್ತದೆ. ಮೊದಲು ವಾಂತಿಭೇದಿಗಳಾಗಿ, ಬಳಿಕ ಕೆಲವು ಗಂಟೆ ಮಗುವು ಸುಧಾರಿಸಿದಂತೆ ಕಂಡರೂ ನಂಬದೆ, ಉಳಿದ ಗುಳಿಗೆಗಳ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಹುಟ್ಟಿನಿಂದಲೇ ಥಲಸ್ಸೀಮಿಯ ಎಂಬ ರಕ್ತದೋಷವುಳ್ಳವರಿಗೆ ಮತ್ತು ಪದೇ ಪದೇ ರಕ್ತವನ್ನು ಏರಿಸಿಕೊಳ್ಳುವವರಿಗೆ, ರಕ್ತಹೀನತೆಯಿದ್ದರೂ ಕಬ್ಬಿಣವು ದೇಹದಲ್ಲಿ ತುಂಬಿಯೇ ಇರಬಹುದಾದ್ದರಿಂದ, ವೈದ್ಯರು ರಕ್ತವನ್ನು ಪರೀಕ್ಷಿಸಿ ಹೇಳಿದ ಹೊರತು ಈ ಗುಳಿಗೆಗಳನ್ನು ಕೊಡಕೂಡದು. ಗುಳಿಗೆಗಳನ್ನು ಒಲೆಯ ಹತ್ತಿರವಾಗಲಿ ತೇವದ ಗೂಡಿನಲ್ಲಾಗಲಿ ಇಡದೆ, ಒಣಗಿದ ಡಬ್ಬಿಯಲ್ಲಿ, ಮಕ್ಕಳ ಕೈಗೆ ನಿಲುಕದ ಎತ್ತರದಲ್ಲಿ ಇಡತಕ್ಕದ್ದು.